ಹೈಫಾಕ್ಕೆ ಬಂದಿಳಿದವರಿಗೆ: ಅರಬರು, ಯಹೂದಿಗಳು, ನಡುವೆ ನಾವು

ಇಸ್ರೇಲಿನ ಈ ಬಂದರು ಊರಿಗೆ ಆರೈಕೆ ಕೆಲಸಕ್ಕೆ ಮಂಗಳೂರಿನಿಂದ ಬಂದವರಾಗಲಿ, ಇಲ್ಲಿನ ಟೆಕ್ನಿಯಾನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಬೆಂಗಳೂರಿನಿಂದ ಬಂದವರಾಗಲಿ, ಮೊದಲ ವಾರ ಕೇಳುವುದು ಒಂದೇ: "ಇಲ್ಲಿ ಇವರಿಬ್ಬರೂ ಜಗಳ ಆಡಲ್ವಾ?"

ಔಷಧಿ ಅಂಗಡಿಗೆ ಹೋಗಿ ನೋಡಿ. ನಾನು ನೋಡಿಕೊಳ್ಳುತ್ತಿದ್ದ ಯಹೂದಿ ಅಜ್ಜಿಗೆ ಕಿವಿ ಮಂದ. ಹಿಜಾಬ್ ತೊಟ್ಟ ಹುಡುಗಿ ಮಾತ್ರೆಯ ಲೆಕ್ಕವನ್ನು ಮೂರು ಸಲ ಹೀಬ್ರೂನಲ್ಲಿ ಹೇಳಿ, ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟಳು. ಅಜ್ಜಿ "ಯಲ್ಲಾ, ಬೈ" ಅಂದು ಹೊರಟರು. ಯಲ್ಲಾ ಅಂದರೆ 'ಸರಿ, ನಡಿ'; ಅರಬ್ಬಿ ಮಾತು. ಈಗ ಯಾರದ್ದೂ ಅಲ್ಲ, ಎಲ್ಲರದ್ದೂ.

ಇಷ್ಟು ನೋಡಿ ಎಲ್ಲ ಸರಿಯಿದೆ ಅಂದುಕೊಂಡು ನಾನು ಬೇಸ್ತುಬಿದ್ದೆ. ಇಸ್ರೇಲಿನ ಪ್ರಜೆಗಳಲ್ಲಿ ಸುಮಾರು ಐವರಿಗೊಬ್ಬರು ಅರಬರು. ಆದರೆ ಹೆಚ್ಚಿನ ಮಕ್ಕಳ ಶಾಲೆಯೇ ಬೇರೆ: ಅಲ್ಲಿ ಅರಬ್ಬಿ, ಇಲ್ಲಿ ಹೀಬ್ರೂ. ಎಷ್ಟೋ ಜನ ಪಕ್ಕಪಕ್ಕ ಕೂರುವುದೇ ಕಾಲೇಜಿನಲ್ಲಿ, ಇಲ್ಲವೇ ಆಸ್ಪತ್ರೆಯ ಪಾಳಿಯಲ್ಲಿ. ಕೆಲಸದ ಜಾಗದ ಸ್ನೇಹ ಮನೆ ಬಾಗಿಲಿನವರೆಗೆ ಬರುವುದು ಕಡಿಮೆ.

ಮೇ ತಿಂಗಳ ಆಸುಪಾಸಿನಲ್ಲಿ ಬಾಯಿಗೆ ಬೀಗ ಇರಲಿ. 1948ರಲ್ಲಿ ಹುಟ್ಟಿದ ಇಸ್ರೇಲಿನ ಸ್ವಾತಂತ್ರ್ಯದ ದಿನ ಯಹೂದಿಗಳಿಗೆ ಹಬ್ಬ, ಅರಬರಿಗೆ ಸೂತಕ. 1948ರ ಏಪ್ರಿಲ್ ಕಳೆಯುವಷ್ಟರಲ್ಲಿ ಹೈಫಾದ ಬಹುಪಾಲು ಅರಬರು ಊರು ಬಿಟ್ಟಾಗಿತ್ತು. ಉಳಿದ ಕೆಲವೇ ಸಾವಿರ ಜನರನ್ನು ಮುಖ್ಯವಾಗಿ ವಾದಿ ನಿಸ್ನಾಸ್ ಕೇರಿಗೆ ಸೇರಿಸಿದರು. 2021ರ ಮೇನಲ್ಲಿ ಅರಬ್–ಯಹೂದಿ ಗಲಭೆಗೆ ಲೋದ್, ಅಕ್ಕೋ ಊರುಗಳು ಹೊತ್ತಿ ಉರಿದಾಗ ಹೈಫಾದ ಬೀದಿಗೂ ಕಿಡಿ ಹಾರಿತ್ತು.

ನಮ್ಮೂರಿನ ಹಿಂದೂ–ಮುಸ್ಲಿಂ ಕನ್ನಡಕವನ್ನಂತೂ ಸೂಟ್‌ಕೇಸಿನಲ್ಲೇ ಬಿಡಿ. ವಾದಿ ನಿಸ್ನಾಸಿನ ಅರಬರಲ್ಲಿ ಹೆಚ್ಚಿನವರು ಕ್ರೈಸ್ತರು. ಕಾರ್ಮೆಲ್ ಬೆಟ್ಟದ ಮೇಲಿನ, ಅರಬ್ಬಿ ಮಾತಾಡುವ ಆದರೆ ಬೇರೆಯೇ ಧರ್ಮದ ದ್ರೂಜ್ ಹುಡುಗರು ಇಸ್ರೇಲಿ ಸೈನ್ಯಕ್ಕೂ ಹೋಗುತ್ತಾರೆ. ಒಮ್ಮೆ ನರ್ಸ್ ಒಬ್ಬಳನ್ನು "ನೀವು ಪ್ಯಾಲೆಸ್ತೀನಿಯರಾ, ಇಸ್ರೇಲಿಗಳಾ?" ಎಂದು ಕೇಳಿಬಿಟ್ಟೆ. ಬ್ಯಾಂಡೇಜು ಸುತ್ತುತ್ತಲೇ, ತಲೆ ಎತ್ತದೆ, "ಹೈಫಾದವಳು" ಅಂದಳು. ಆಮೇಲೆ ಯಾರನ್ನೂ ಕೇಳಿಲ್ಲ. ಅವರಾಗಿ ಏನಂದುಕೊಂಡರೆ ಅದೇ ಸರಿ.

ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬಾವುಟ ಬೇಡ, ಯಾರದ್ದೂ.

ಇನ್ನು ಹೊಟ್ಟೆಯ ವಿಷಯ. ಶನಿವಾರ ಹೆಚ್ಚಿನ ಯಹೂದಿ ಅಂಗಡಿಗಳಿಗೆ ಬೀಗ, ವಾದಿ ನಿಸ್ನಾಸಿನಲ್ಲಿ ತರಕಾರಿ ಸಿಗುತ್ತದೆ. ಯಹೂದಿಗಳಿಗೆ ಹುಳಿ ಬರಿಸಿದ ಹಿಟ್ಟಿನ ತಿನಿಸು ನಿಷಿದ್ಧವಾದ ಪೆಸಾಖ್ ಹಬ್ಬದ ವಾರ ಸೂಪರ್‌ಮಾರ್ಕೆಟ್ಟಿನವರು ಬ್ರೆಡ್ಡಿನ ಸಾಲಿಗೆ ಪ್ಲಾಸ್ಟಿಕ್ ಹೊದಿಸುತ್ತಾರೆ. ಆಗ ಅರಬ್ ಬೇಕರಿಯ ಮುಂದೆ ಬಿಸಿ ಪೀಟಾ ರೊಟ್ಟಿಗೆ ಕಾಯುವವರಲ್ಲಿ ಯಹೂದಿಗಳೂ ಇರುತ್ತಾರೆ. ನೀವೂ ನಿಲ್ಲಿ. ಆದರೆ ನೀವು ನೋಡಿಕೊಳ್ಳುವ ಅಜ್ಜಿ ಮಡಿಯವರಾದರೆ ಬೇಕರಿ ಮುಂದೆಯೇ ತಿಂದು, ಬಟ್ಟೆಗೆ ಅಂಟಿದ ಚೂರು ಕೊಡವಿ ಮನೆಯೊಳಗೆ ಹೋಗಿ.