ಹೊಲ ಮಾರಿ ಹೊಲ ಕೊಳ್ಳುವವರು ಬಂಡವಾಳ ಲಾಭದ ತೆರಿಗೆಯನ್ನು ಮುಂದೂಡುವ ಕ್ರಮ

ಹುಬ್ಬಳ್ಳಿ-ಧಾರವಾಡದ ಅಂಚಿನ ಹೊಲವನ್ನು ಬಡಾವಣೆಗೆ ಕೊಟ್ಟು ಕುಂದಗೋಳ, ನವಲಗುಂದದ ಕಡೆ ಎರೆಹೊಲ ಹಿಡಿಯುವ ಕುಟುಂಬಗಳು ನಮ್ಮಲ್ಲಿ ಅನೇಕ. ಹೊಲಕ್ಕೆ ಹೊಲ ಬಂದರೆ ಬಂಡವಾಳ ಲಾಭದ, ಅಂದರೆ ಆಸ್ತಿ ಮಾರಿ ಬಂದ ಲಾಭದ, ತೆರಿಗೆಯ ಪ್ರಶ್ನೆಯೇ ಏಳುವುದಿಲ್ಲ ಎಂಬ ನಂಬಿಕೆ ಅವರಲ್ಲಿ ಬಲವಾಗಿದೆ, ಅದು ತಪ್ಪು. ಅಮೆರಿಕದ ಕಾನೂನಿನ 1031ನೆಯ ಕಲಂ ಆಸ್ತಿಗೆ ಆಸ್ತಿ ಬದಲಿಸಿಕೊಂಡವರಿಗೆ ತೆರಿಗೆ ಮುಂದೂಡಲು ಬಿಡುತ್ತದೆ. ನಮ್ಮ ಆದಾಯ ತೆರಿಗೆ ಕಾಯ್ದೆಯ ದೃಷ್ಟಿಯಲ್ಲಾದರೋ ಅದಲುಬದಲೂ ಒಂದು ವರ್ಗಾವಣೆಯೇ. ಇಲ್ಲಿ ಸಿಗುವ ರಿಯಾಯಿತಿ ಮರುಹೂಡಿಕೆಗೆ ಮಾತ್ರ.

ಮೊದಲು ನಿಮ್ಮ ಹೊಲ ತೆರಿಗೆಯ ವ್ಯಾಪ್ತಿಗೆ ಬರುತ್ತದೆಯೇ ಎಂದು ನೋಡಿಕೊಳ್ಳಿ. ಪಾಲಿಕೆ ಅಥವಾ ಪುರಸಭೆಯ ಮಿತಿಯೊಳಗಿನ ಜಮೀನು ಬರುತ್ತದೆ. ಮಿತಿಯ ಹೊರಗೆ, ಊರಿನ ಜನಸಂಖ್ಯೆ 10,000ಕ್ಕಿಂತ ಹೆಚ್ಚಿದ್ದು 1 ಲಕ್ಷದೊಳಗಿದ್ದರೆ 2 ಕಿ.ಮೀ., 10 ಲಕ್ಷದೊಳಗಿದ್ದರೆ 6 ಕಿ.ಮೀ., ಅದನ್ನೂ ಮೀರಿದ್ದರೆ 8 ಕಿ.ಮೀ.ವರೆಗಿನ ಜಮೀನೂ ಬರುತ್ತದೆ. ಈ ದೂರವನ್ನು ರಸ್ತೆಯ ಮೇಲೆ ಅಳೆಯದೆ ನೇರ ಗೆರೆಯಲ್ಲಿ ಅಳೆಯಬೇಕು. 2011ರ ಜನಗಣತಿಯಂತೆ ಹಾವೇರಿಗೆ 2 ಕಿ.ಮೀ., ಗದಗ-ಬೆಟಗೇರಿಗೆ 6 ಕಿ.ಮೀ., ಹತ್ತು ಲಕ್ಷಕ್ಕೆ ತುಸು ಕಡಿಮೆಯಿದ್ದ ಹುಬ್ಬಳ್ಳಿ-ಧಾರವಾಡಕ್ಕೂ 6 ಕಿ.ಮೀ. ಮುಂದಿನ ಜನಗಣತಿಯ ಅಂಕಿಗಳಲ್ಲಿ ಅವಳಿ ನಗರ ಹತ್ತು ಲಕ್ಷ ದಾಟಿದರೆ ಗಡಿ 8 ಕಿ.ಮೀ.ಗೆ ಹಿಗ್ಗುತ್ತದೆ, ಏಳನೆಯ ಕಿಲೋಮೀಟರಿನಲ್ಲಿ ಹೊಲವಿರುವವರು ಇದನ್ನು ಈಗಲೇ ಮನಸ್ಸಿನಲ್ಲಿಡಬೇಕು.

ತೆರಿಗೆ ಬರುವುದಾದರೆ ನೆರವಿಗಿರುವುದು 1961ರ ಕಾಯ್ದೆಯ 54ಬಿ ಕಲಂ (2025ರ ಹೊಸ ಕಾಯ್ದೆಯಲ್ಲಿ ಇದರ ಸಂಖ್ಯೆ ಬದಲಾಗಿದೆ). ಮಾರಾಟಕ್ಕೆ ಹಿಂದಿನ ಎರಡು ವರ್ಷ ನೀವಾಗಲಿ ನಿಮ್ಮ ತಂದೆತಾಯಿಯಾಗಲಿ ಆ ಹೊಲದಲ್ಲಿ ಬೇಸಾಯ ಮಾಡಿರಬೇಕು, ಮಾರಿದ ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡಿರಬೇಕು. ಬೇಸಾಯಕ್ಕೆ ಪುರಾವೆಯಾಗಿ ಉತಾರದ (ಪಹಣಿಯ) ಬೆಳೆ ಕಾಲಂ ಭರ್ತಿಯಾಗಿದೆಯೇ ನೋಡಿ. ಅಮರಗೋಳದ ಎಪಿಎಂಸಿಯಲ್ಲಿ ಹತ್ತಿ ಮಾರಿದ ಪಟ್ಟಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ಪಟ್ಟಿ, ಬೀಜ-ಗೊಬ್ಬರದ ರಸೀದಿ ಇವನ್ನು ಎಸೆಯದೆ ಜೋಡಿಸಿಡಿ. ಮಾರುವ ಮೊದಲೇ ಎನ್‌ಎ (ಕೃಷಿಯೇತರ ಪರಿವರ್ತನೆ) ಮಾಡಿಸಿದರೆ ಅದು ಕೃಷಿ ಜಮೀನೆಂದು ಸಾಧಿಸುವುದು ಕಷ್ಟವಾಗುತ್ತದೆ.

ನನ್ನ ಅನುಭವದಲ್ಲಿ ಜನ ಹೆಚ್ಚಾಗಿ ಎಡವುವುದು ದಿನಾಂಕದಲ್ಲಿ. ಎರಡು ವರ್ಷ ಕಾಲಾವಕಾಶವಿದೆಯೆಂದು ಹಣವನ್ನು ಉಳಿತಾಯ ಖಾತೆಯಲ್ಲಿಟ್ಟು ಕೂರುತ್ತಾರೆ. ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ, ಅಂದರೆ ಸಾಮಾನ್ಯವಾಗಿ ಜುಲೈ 31ರೊಳಗೆ, ಹೊಸ ಜಮೀನು ಕೊಂಡಾಗಿರದಿದ್ದರೆ, ಹೂಡಬೇಕೆಂದಿರುವ ಮೊತ್ತವನ್ನು ಅಧಿಕೃತ ಬ್ಯಾಂಕಿನಲ್ಲಿ 1988ರ ಬಂಡವಾಳ ಲಾಭ ಖಾತೆ ಯೋಜನೆಯಡಿ ಜಮಾ ಮಾಡಲೇಬೇಕು. ಎರಡು ವರ್ಷ ತುಂಬಿದಾಗ ಬಳಸದೆ ಉಳಿದ ಮೊತ್ತಕ್ಕೆ ಆ ವರ್ಷ ತೆರಿಗೆ ಬೀಳುತ್ತದೆ.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮಲ್ಲಿದ್ದ ಹೊಲದ ಮಾರಾಟದಿಂದ 40 ಲಕ್ಷ ರೂಪಾಯಿ ಲಾಭ ಬಂದು, 28 ಲಕ್ಷಕ್ಕೆ ಹೊಸ ಹೊಲ ಕೊಂಡಿರೆಂದುಕೊಳ್ಳಿ. ಉಳಿದ 12 ಲಕ್ಷಕ್ಕೆ ಶೇ. 12.5ರ ದರದಲ್ಲಿ, ಸೆಸ್ ಬಿಟ್ಟು, 1.5 ಲಕ್ಷ ತೆರಿಗೆಯಾಗುತ್ತದೆ. ಆ 12 ಲಕ್ಷವನ್ನು ಮಾರಾಟದ ಆರು ತಿಂಗಳೊಳಗೆ 54ಇಸಿ ಬಾಂಡುಗಳಲ್ಲಿ (ಆ ಕಲಂ ಒಪ್ಪುವ ಸರ್ಕಾರಿ ಸಂಸ್ಥೆಗಳ ಬಾಂಡು) ಐದು ವರ್ಷಕ್ಕೆ ತೊಡಗಿಸಿದರೆ ಆ ತೆರಿಗೆಯೂ ಉಳಿತಾಯವಾಗುತ್ತದೆ. ಈ ಬಾಂಡುಗಳಿಗೆ 50 ಲಕ್ಷದ ಮಿತಿಯಿದೆ.

ಹೊಸ ಹೊಲವನ್ನು ಮೂರು ವರ್ಷ ಮಾರಬಾರದು. ಅದು ನಗರ ಮಿತಿಯ ಜಮೀನಾಗಿದ್ದು, ಅವಧಿಗೆ ಮೊದಲೇ 33 ಲಕ್ಷಕ್ಕೆ ಮಾರಿದರೆ, ಅದರ ಖರೀದಿ ಬೆಲೆಯಿಂದ ವಿನಾಯಿತಿ ಪಡೆದ 28 ಲಕ್ಷವನ್ನು ಕಳೆದು ಬೆಲೆಯನ್ನು ಶೂನ್ಯವೆಂದು ಎಣಿಸುತ್ತಾರೆ. ಆಗ ಲಾಭ 5 ಲಕ್ಷವಲ್ಲ, ಪೂರ್ತಿ 33 ಲಕ್ಷ.