ಕಂಪನಿಯ ದುಡ್ಡು ಯಾರ ಕೈ ಸೇರಿತು? ಉದ್ಯೋಗಿ ಲೆಕ್ಕ ಹಿಡಿಯುವ ಬಗೆ

‘ನಮ್ಮ ಕಂಪನಿ ಆ ಸೆನೆಟರ್‌ಗೆ ದುಡ್ಡು ಕೊಟ್ಟಿದೆಯೇ?’ ಅಮೆರಿಕದ ಟೆಕ್ ಕಂಪನಿಯ ಸಭೆಯಲ್ಲಿ ಹೀಗೆ ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಅದು ಸುಳ್ಳೂ ಅಲ್ಲ. 1907ರ ಟಿಲ್‌ಮನ್ ಕಾಯ್ದೆ ಬಂದಾಗಿನಿಂದ ಕಂಪನಿಯ ಖಜಾನೆಯಿಂದ ಫೆಡರಲ್ (ರಾಷ್ಟ್ರಮಟ್ಟದ ಹುದ್ದೆಯ) ಅಭ್ಯರ್ಥಿಗೆ ನೇರವಾಗಿ ದೇಣಿಗೆ ಕೊಡುವಂತಿಲ್ಲ. ಆದರೆ ದುಡ್ಡು ಹೋಗಲು ಬೇರೆ ಬಾಗಿಲುಗಳಿವೆ. ಬಾಗಿಲಿನ ಹೆಸರು ಹಿಡಿದು ಕೇಳದಿದ್ದರೆ ನಿಜವಾದ, ಆದರೆ ಯಾವ ಉಪಯೋಗಕ್ಕೂ ಬಾರದ ಉತ್ತರವೇ ಸಿಗುತ್ತದೆ.

ಮೊದಲು ಪ್ಯಾಕ್

ಪ್ಯಾಕ್ ಎಂದರೆ ಪೊಲಿಟಿಕಲ್ ಆಕ್ಷನ್ ಕಮಿಟಿ, ಅಭ್ಯರ್ಥಿಗಳಿಗೆ ದೇಣಿಗೆ ಕೊಡಲು ಹಣ ಕೂಡಿಸುವ ಸಮಿತಿ. ಇದರಲ್ಲಿರುವುದು ಕಂಪನಿಯ ಲಾಭದ ಹಣವಲ್ಲ. ವ್ಯವಸ್ಥಾಪಕ ಮತ್ತು ವೃತ್ತಿಪರ ಹುದ್ದೆಯವರು, ಷೇರುದಾರರು ಸ್ವಂತ ಇಚ್ಛೆಯಿಂದ ಹಾಕಿದ್ದು. ಒಬ್ಬರು ವರ್ಷಕ್ಕೆ 5,000 ಡಾಲರ್‌ವರೆಗೆ ಹಾಕಬಹುದು. ಪ್ಯಾಕ್ ನಡೆಸುವ ಖರ್ಚನ್ನು ಮಾತ್ರ ಕಂಪನಿ ಭರಿಸಬಹುದು. ಆಪಲ್, ಐಬಿಎಂ ಪ್ಯಾಕ್ ಇಟ್ಟುಕೊಂಡಿಲ್ಲ. ಮೈಕ್ರೋಸಾಫ್ಟ್, ಗೂಗಲ್, ಅಮೆಜಾನ್‌ಗಳಿಗೆ ಇದೆ.

ಫೆಡರಲ್ ಚುನಾವಣಾ ಆಯೋಗದ (ಎಫ್‌ಇಸಿ) ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ಕಮಿಟಿ ಹುಡುಕಿ. ಹೆಸರು ನೇರವಾಗಿ ಹೊಂದದೇ ಇರಬಹುದು, ಗೂಗಲ್‌ನದು ‘ನೆಟ್‌ಪ್ಯಾಕ್’. ಅನುಮಾನ ಬಂದರೆ ಕಮಿಟಿ ಸಲ್ಲಿಸಿದ ಫಾರ್ಮ್ 1 ತೆರೆದು, ಅದು ಯಾವ ಸಂಸ್ಥೆಗೆ ಸೇರಿದ್ದು ಎಂಬ ಕಾಲಂ ನೋಡಿ. ಸಿಕ್ಕಿದ ಮೇಲೆ ‘ಸಿ’ಯಿಂದ ಶುರುವಾಗುವ, ಎಂಟು ಅಂಕಿಗಳ ಗುರುತು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹೆಸರು ಬದಲಾದರೂ ಆ ಸಂಖ್ಯೆಯಿಂದ ಹುಡುಕಬಹುದು.

ಪ್ಯಾಕ್‌ನ ವರದಿ ಇರುವುದು ಫಾರ್ಮ್ 3ಎಕ್ಸ್‌ನಲ್ಲಿ, ಖರ್ಚು ಶೆಡ್ಯೂಲ್ ಬಿಯಲ್ಲಿ. ಅದರ 23ನೇ ಸಾಲು ಫೆಡರಲ್ ಅಭ್ಯರ್ಥಿಗಳಿಗೂ ಇತರ ಕಮಿಟಿಗಳಿಗೂ ಕೊಟ್ಟದ್ದು. 29ನೇ ಸಾಲು ‘ಇತರೆ’. ರಾಜ್ಯ ಮಟ್ಟದ ಅಭ್ಯರ್ಥಿಗಳಿಗೆ ಕೊಟ್ಟದ್ದು ಇಲ್ಲಿ ಸೇರಿಕೊಂಡಿರುತ್ತದೆ, ಹಾಗಾಗಿ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅಭ್ಯರ್ಥಿಯೊಬ್ಬರಿಗೆ ಚುನಾವಣೆಯೊಂದಕ್ಕೆ ಮಿತಿ 5,000 ಡಾಲರ್. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಒಂದು, ಸಾರ್ವತ್ರಿಕ ಚುನಾವಣೆ ಇನ್ನೊಂದು ಎಂದು ಲೆಕ್ಕವಾಗುವುದರಿಂದ ಒಟ್ಟು 10,000.

ಇಲ್ಲಿ ಹೆಚ್ಚಿನವರು ಎಡವುವುದು ಋಣ ಚಿಹ್ನೆಯಲ್ಲಿ. ಮಾರ್ಚ್‌ನಲ್ಲಿ ಒಬ್ಬರ ಪ್ರಚಾರ ಕಮಿಟಿಗೆ 2,500 ಎಂದಿರುತ್ತದೆ, ಮೇ ತಿಂಗಳಲ್ಲಿ ಅದೇ ಕಮಿಟಿಯ ಎದುರು ಮೈನಸ್ 2,500, ಪಕ್ಕದಲ್ಲಿ ‘ವಾಯ್ಡ್’ (ರದ್ದು). ಅಂದರೆ ಚೆಕ್ ನಗದಾಗಲೇ ಇಲ್ಲ. ಮೊದಲ ಸಾಲನ್ನಷ್ಟೇ ಎಣಿಸಿ ಸಭೆಗೆ ಹೋದರೆ ನಿಮ್ಮ ಉಳಿದ ಪಟ್ಟಿಯನ್ನೂ ಯಾರೂ ನಂಬುವುದಿಲ್ಲ. ಇನ್ನೊಂದು ಎಡವಟ್ಟು ಅವಧಿಯದು. ತಿಂಗಳ ವರದಿ ಕೊಡುವ ಪ್ಯಾಕ್ ಮುಂದಿನ ತಿಂಗಳ 20ರೊಳಗೆ ಲೆಕ್ಕ ಒಪ್ಪಿಸುತ್ತದೆ. ಉಳಿದವು ಚುನಾವಣೆ ಇಲ್ಲದ ವರ್ಷದಲ್ಲಿ ಜುಲೈ 31 ಮತ್ತು ಜನವರಿ 31ಕ್ಕೆ ಮಾತ್ರ. ಇವತ್ತು ಪಟ್ಟಿಯಲ್ಲಿ ಕಾಣಿಸಲಿಲ್ಲ ಎಂದಮಾತ್ರಕ್ಕೆ ಕೊಟ್ಟಿಲ್ಲ ಎಂದಾಗದು.

‘ನಿಲ್ಲಿಸಿದ್ದೇವೆ’ ಎಂಬ ಮಾತಿನ ಅಳತೆ

2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನದಲ್ಲಿ ನಡೆದ ಗಲಭೆಯ ನಂತರ, ಅಧ್ಯಕ್ಷೀಯ ಚುನಾವಣೆಯ ಫಲಿತಾಂಶಕ್ಕೆ ಆಕ್ಷೇಪಿಸಿ ಮತ ಹಾಕಿದ 147 ಸಂಸದರ ವಿಷಯದಲ್ಲಿ ಹಲವು ಕಂಪನಿಗಳು ನಿಲುವು ಪ್ರಕಟಿಸಿದವು. ಮೈಕ್ರೋಸಾಫ್ಟ್ ತನ್ನ ಉದ್ಯೋಗಿಗಳ ಜತೆ ಮಾತುಕತೆ ನಡೆಸಿ, 2022ರ ಚುನಾವಣಾ ಅವಧಿ ಮುಗಿಯುವವರೆಗೆ ಅಂಥವರಿಗೆ ಪ್ಯಾಕ್‌ನಿಂದ ಹಣವಿಲ್ಲ ಎಂದಿತು. ಉದ್ಯೋಗಿಗಳು ಕೇಳಿದರೆ ಕೆಲಸವಾಗುತ್ತದೆ ಎನ್ನಲು ಇದೇ ಸಾಕ್ಷಿ. ಆದರೆ ಇಂಥ ಪ್ರಕಟಣೆಯನ್ನು ಕರಾರುಪತ್ರ ಓದುವಂತೆ ಓದಬೇಕು: ಯಾರಿಗೆ, ಯಾವ ದಿನದವರೆಗೆ, ಯಾವ ಕಮಿಟಿಯ ಮೂಲಕ?

ಸಂಸದರ ಪ್ರಚಾರ ಕಮಿಟಿಗೆ ನಿಲ್ಲಿಸಿ, ಅದೇ ಸಂಸದರು ಇತರ ಅಭ್ಯರ್ಥಿಗಳಿಗೆ ನೆರವಾಗಲು ನಡೆಸುವ ‘ಲೀಡರ್‌ಶಿಪ್ ಪ್ಯಾಕ್’ಗೆ ವರ್ಷಕ್ಕೆ 5,000 ಡಾಲರ್ ಕೊಡಲು ಕಾನೂನಿನ ಅಡ್ಡಿಯಿಲ್ಲ. ಪಕ್ಷದ ರಾಷ್ಟ್ರೀಯ ಕಮಿಟಿಗೆ ವರ್ಷಕ್ಕೆ 15,000 ಕೊಟ್ಟರೆ ಅಲ್ಲಿಂದ ಯಾವ ಕ್ಷೇತ್ರಕ್ಕೆ ಹೋಯಿತೆಂದು ಹೇಳುವವರಿಲ್ಲ. ಆದ್ದರಿಂದ ಒಬ್ಬ ರಾಜಕಾರಣಿಯನ್ನು ಹುಡುಕುವಾಗ ಪ್ರಚಾರ ಕಮಿಟಿ, ಲೀಡರ್‌ಶಿಪ್ ಪ್ಯಾಕ್, ಪಕ್ಷದ ಕಮಿಟಿ ಮೂರನ್ನೂ ಒಟ್ಟಿಗೆ ನೋಡಿ.

ಖಜಾನೆಯ ಹಣ

ನಿಜವಾಗಿ ದೊಡ್ಡ ಮೊತ್ತ ಹರಿಯುವುದು ಪ್ಯಾಕ್‌ನ ಆಚೆ. ಅಧ್ಯಕ್ಷರ ಪ್ರಮಾಣವಚನ ಸಮಾರಂಭದ ಸಮಿತಿಗೆ ಕಂಪನಿ ಎಷ್ಟು ಬೇಕಾದರೂ ಕೊಡಬಹುದು. 2025ರ ಸಮಾರಂಭಕ್ಕೆ ಮೆಟಾ, ಅಮೆಜಾನ್ ತಲಾ 10 ಲಕ್ಷ ಡಾಲರ್ ಕೊಟ್ಟವು. ಆಪಲ್‌ನ ಟಿಮ್ ಕುಕ್ ಅಷ್ಟೇ ಮೊತ್ತವನ್ನು ಸ್ವಂತ ಹೆಸರಿನಲ್ಲಿ ಕೊಟ್ಟರು. ಈ ಸಮಿತಿಯ ಲೆಕ್ಕ ಸಮಾರಂಭ ಮುಗಿದ 90 ದಿನಗಳಲ್ಲಿ ಎಫ್‌ಇಸಿಗೆ ಬರುತ್ತದೆ. ಚುನಾವಣಾ ಪ್ರಚಾರಕ್ಕೆ ಕಂಪನಿಗಳು ಸ್ವತಂತ್ರವಾಗಿ ಖರ್ಚು ಮಾಡಬಹುದು ಎಂದ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ಬೆನ್ನಲ್ಲೇ ಹುಟ್ಟಿದ, ಅಭ್ಯರ್ಥಿಗೆ ನೇರವಾಗಿ ಕೊಡದೆ ತಾವೇ ಖರ್ಚು ಮಾಡುವ ಸೂಪರ್ ಪ್ಯಾಕ್‌ಗಳಿಗೂ ಮಿತಿಯಿಲ್ಲ. ಅಲ್ಲಿ ಕಂಪನಿಯ ಹೆಸರನ್ನು ದಾನಿಗಳ ಪಟ್ಟಿಯಾದ ಶೆಡ್ಯೂಲ್ ಎಯಲ್ಲಿ ಹುಡುಕಿ. ಎರಡೂ ಪಕ್ಷಗಳ ಗವರ್ನರುಗಳ ಸಂಘಗಳಿಗೆ ಕೊಟ್ಟದ್ದು ತೆರಿಗೆ ಇಲಾಖೆಯ ಫಾರ್ಮ್ 8872ರಲ್ಲಿ ಸಿಗುತ್ತದೆ. ಲಾಬಿ ಮಾಡುವವರ (ಕಾನೂನು, ನೀತಿಗಳ ಮೇಲೆ ಪ್ರಭಾವ ಬೀರಲು ಯತ್ನಿಸುವವರ) ದೇಣಿಗೆ ವರದಿ ಎಲ್‌ಡಿ-203 ಪ್ರತಿ ವರ್ಷ ಜನವರಿ 30, ಜುಲೈ 30ಕ್ಕೆ ಬರುತ್ತದೆ. ಉದ್ಯಮ ಸಂಘಗಳಿಗೆ ಕಟ್ಟಿದ ಚಂದಾ ಮಾತ್ರ ಕತ್ತಲು. ದಾನಿಗಳ ಹೆಸರನ್ನು ಅವು ಸಾಮಾನ್ಯವಾಗಿ ಬಯಲು ಮಾಡಬೇಕಿಲ್ಲ. ಆ ಮಾಹಿತಿಯನ್ನು ಕಂಪನಿಯಿಂದಲೇ ಕೇಳಿ ಪಡೆಯಬೇಕು.

ಒಂದು ಎಚ್ಚರ. ‘ಗೂಗಲ್‌ನಿಂದ ಇಷ್ಟು ದೇಣಿಗೆ’ ಎಂದು ಓಡಾಡುವ ಚಾರ್ಟುಗಳಲ್ಲಿ ಬಹುಪಾಲು ಅಲ್ಲಿನ ನೌಕರರು ಸ್ವಂತ ಜೇಬಿನಿಂದ ಕೊಟ್ಟದ್ದಾಗಿರುತ್ತದೆ. 200 ಡಾಲರ್ ದಾಟಿದರೆ ದಾನಿಯ ಉದ್ಯೋಗದಾತರ ಹೆಸರನ್ನೂ ಬರೆಯಬೇಕು. ಚಾರ್ಟು ಮಾಡುವವರು ಅದನ್ನೇ ಕೂಡಿಸುತ್ತಾರೆ. ಸಹೋದ್ಯೋಗಿಯ ವೈಯಕ್ತಿಕ ದೇಣಿಗೆ ಕಂಪನಿಯ ಲೆಕ್ಕವಲ್ಲ. ಅದನ್ನು ಹಿಡಿದು ಅವರನ್ನು ಪ್ರಶ್ನಿಸುವುದು ತಪ್ಪು.

ಕೇಳುವಾಗ

ಪ್ರಶ್ನೆ ಬರವಣಿಗೆಯಲ್ಲಿರಲಿ. ಕಮಿಟಿಯ ಹೆಸರು, ದಿನಾಂಕ, ಮೊತ್ತ, ವರದಿಯ ಪುಟ ನಾಲ್ಕೂ ಇರಲಿ. ಜತೆಗೆ ಮೂರು ಸಂಗತಿ ಕೇಳಿ: ಈ ದೇಣಿಗೆಯನ್ನು ಒಪ್ಪಿದ ಸಮಿತಿಯಲ್ಲಿ ಯಾರಿದ್ದಾರೆ, ಯಾವ ಮಾನದಂಡ ಬಳಸಿದರು, ಉದ್ಯಮ ಸಂಘಗಳಿಗೆ ಕಟ್ಟಿದ್ದರಲ್ಲಿ ಲಾಬಿಗೆ ಹೋದ ಪಾಲೆಷ್ಟು. ಮೂರನೆಯದನ್ನು ಹಲವು ಸಂಘಗಳು ತೆರಿಗೆ ಲೆಕ್ಕಕ್ಕಾಗಿ ಸದಸ್ಯ ಕಂಪನಿಗಳಿಗೆ ತಿಳಿಸಿರುತ್ತವೆ, ಹಾಗಾಗಿ ‘ಮಾಹಿತಿ ಇಲ್ಲ’ ಎಂದರೆ ಅಷ್ಟಕ್ಕೇ ಬಿಡಬೇಡಿ.

ಪ್ಯಾಕ್‌ಗೆ ಹಣ ಹಾಕಿ ಎಂದು ಕೇಳುವವರು ಅದರ ರಾಜಕೀಯ ಉದ್ದೇಶವನ್ನೂ, ಒಲ್ಲೆ ಎಂದರೆ ತೊಂದರೆಯಾಗದು ಎಂಬುದನ್ನೂ ಹೇಳಲೇಬೇಕು. ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಸಂಬಳದಿಂದ ಮುರಿಯುವಂತಿಲ್ಲ. ಎಚ್-1ಬಿ ವೀಸಾದವರು ಪ್ಯಾಕ್‌ಗೆ ಒಂದು ಡಾಲರನ್ನೂ ಕೊಡುವಂತಿಲ್ಲ, ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಸಮಿತಿಯಲ್ಲೂ ಕೂರುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ಸಾರ್ವಜನಿಕ ವರದಿಗಳನ್ನು ಓದಲು ಯಾವ ವೀಸಾವೂ ಅಡ್ಡಿಯಲ್ಲ.

ಉತ್ತರ ಬರದಿದ್ದರೆ, ಷೇರು ಇದ್ದವರಿಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಎಸ್‌ಇಸಿಯ 14ಎ-8 ನಿಯಮದ ದಾರಿಯಿದೆ. 2,000 ಡಾಲರ್ ಬೆಲೆಯ ಷೇರನ್ನು 3 ವರ್ಷ, ಇಲ್ಲವೇ 25,000 ಡಾಲರ್‌ನದನ್ನು 1 ವರ್ಷ ಬಿಡದೆ ಇಟ್ಟುಕೊಂಡವರು ವಾರ್ಷಿಕ ಸಭೆಗೆ 500 ಪದ ಮೀರದ ಪ್ರಸ್ತಾವ ಕಳಿಸಬಹುದು. ಕೊನೆಯ ದಿನಾಂಕ ಸಭೆಗೆ ಮುನ್ನ ಷೇರುದಾರರಿಗೆ ಕಳಿಸುವ ಪ್ರಾಕ್ಸಿ ಪತ್ರದ ಹಿಂದಿನ ವರ್ಷದ ಪ್ರತಿಯಲ್ಲೇ ಅಚ್ಚಾಗಿರುತ್ತದೆ. ಮೆಟಾ, ಆಲ್ಫಬೆಟ್‌ಗಳಲ್ಲಿ (ಗೂಗಲ್‌ನ ಮಾತೃ ಕಂಪನಿ) ಅರ್ಧಕ್ಕಿಂತ ಹೆಚ್ಚು ಮತ ಸಂಸ್ಥಾಪಕರ ಕೈಯಲ್ಲಿರುವುದರಿಂದ ಪ್ರಸ್ತಾವ ಬೀಳುತ್ತದೆಂದು ಮೊದಲೇ ಗೊತ್ತು. ಸಭೆಯಾದ 4 ಕೆಲಸದ ದಿನಗಳಲ್ಲಿ ಕಂಪನಿ ಎಸ್‌ಇಸಿಗೆ ಸಲ್ಲಿಸುವ ಫಾರ್ಮ್ 8-ಕೆಯಲ್ಲಿ ಮತಗಳ ಲೆಕ್ಕ ತೆಗೆದು, ಸಂಸ್ಥಾಪಕರ ಪಾಲನ್ನು ಕಳೆದು ನೋಡಿ. ಉಳಿದ ಷೇರುದಾರರ ಮತಗಳಲ್ಲಿ ಎಷ್ಟು ಪಾಲು ನಿಮ್ಮ ಜತೆಗಿದೆ ಎಂಬ ಅಂದಾಜು ಅಲ್ಲಿ ಸಿಗುತ್ತದೆ; ಮುಂದಿನ ಪತ್ರವನ್ನು ಆ ಅಂಕಿಯಿಂದಲೇ ಶುರು ಮಾಡಿ.