ಮುಚ್ಚಿದ ಸ್ಕೈಲೈಟನ್ನು ತೆರೆಯುವಂತೆ ಮಾಡಿದ ಬಗೆ: ನನ್ನ ಅನುಭವ

ಚಾವಣಿಯಲ್ಲಿ ಭದ್ರವಾಗಿ ಕೂರಿಸಿದ ಗಾಜಿನ ಕಿಂಡಿ, ಅಂದರೆ ಸ್ಕೈಲೈಟ್, ಬೆಳಕು ಕೊಡುತ್ತದೆ, ಆದರೆ ಮೇಲೇರಿದ ಬಿಸಿಗಾಳಿಗೆ ಹೊರಹೋಗಲು ದಾರಿ ಕೊಡುವುದಿಲ್ಲ. ಅದನ್ನು ತೆರೆಯುವಂತೆ ಮಾಡುವುದು ಕಷ್ಟದ ಕೆಲಸವಲ್ಲ. ಮಳೆ ಸೋರದಂತೆ, ಬಿರುಗಾಳಿಗೆ ಏಳದಂತೆ ಮತ್ತೆ ಮುಚ್ಚಿಸುವುದೇ ನಿಜವಾದ ಕೆಲಸ.

ನಾನು ಬದಲಿಸಿದ್ದು ಇಳಿಜಾರು ಚಾವಣಿಯ ಮೇಲಿನ 600 × 900 ಮಿ.ಮೀ. ಕಿಂಡಿ. ಮೇಲಂಚಿನಲ್ಲಿ ಹಿಂಜ್, ಕೆಳಂಚು 300 ಮಿ.ಮೀ. ಏಳುತ್ತದೆ. ಮುಂದಿನ ಬಾಯಿ 0.18 ಚದರ ಮೀಟರ್, ಎರಡೂ ಪಕ್ಕದ ತ್ರಿಕೋನಗಳು ಸೇರಿ 0.27, ಒಟ್ಟು 0.45. ಕಿಂಡಿಯ ಪೂರ್ತಿ ವಿಸ್ತೀರ್ಣವೇ 0.54 ಆದ್ದರಿಂದ ಇನ್ನೂ ಎತ್ತರಕ್ಕೆ ಎತ್ತಿದರೆ ಸಿಗುವ ಲಾಭ ಕಡಿಮೆ, ಗಾಳಿಯ ಹೊಡೆತ ಮಾತ್ರ ಹೆಚ್ಚು.

ಈ ಬಾಯಿಂದ ಎಷ್ಟು ಗಾಳಿ ಹೋಗುತ್ತದೆ ಎಂಬುದನ್ನು ಕೆಳಗಿನ ಕಿಟಕಿ ತೀರ್ಮಾನಿಸುತ್ತದೆ. ಕೆಳಗಿನ ಕಿಟಕಿಗೂ ಸ್ಕೈಲೈಟಿಗೂ 5 ಮೀಟರ್ ಎತ್ತರದ ಅಂತರ, ಒಳಗೆ ಹೊರಗಿಗಿಂತ 5 ಡಿಗ್ರಿ ಹೆಚ್ಚು ಬಿಸಿ ಎಂದಿಟ್ಟುಕೊಳ್ಳಿ. ಕೆಳಗೂ 0.45 ಚದರ ಮೀಟರ್ ತೆರೆದಿದ್ದರೆ ಗಾಳಿಯೇ ಬೀಸದಿದ್ದರೂ ಗಂಟೆಗೆ ಸುಮಾರು 880 ಘನ ಮೀಟರ್ ಹೊರಹೋಗುತ್ತದೆ. 100 ಚದರ ಮೀಟರಿನ, 3 ಮೀಟರ್ ಎತ್ತರದ ಮನೆಯ ಗಾಳಿ ಗಂಟೆಗೆ ಹತ್ತಿರ ಹತ್ತಿರ ಮೂರು ಸಲ ಬದಲಾದಂತೆ. ಕೆಳಗಿನ ಕಿಟಕಿಯನ್ನು ಅರ್ಧ ಮಾಡಿದರೆ ಇದು 550ಕ್ಕೆ ಕುಸಿಯುತ್ತದೆ. ಎರಡು ಪಟ್ಟು ಮಾಡಿದರೆ 1100 ದಾಟುತ್ತದೆ. ಸೊಳ್ಳೆ ಜಾಲರಿ ಹಾಕಿದರೆ ಕಡಿಮೆಯೆಂದರೂ ಮೂರನೇ ಒಂದು ಭಾಗ ಕಳೆದುಹೋಗುತ್ತದೆ ಎಂದೇ ಲೆಕ್ಕ ಹಿಡಿಯಿರಿ. ಹಾಗಾಗಿ ಜಾಲರಿಯನ್ನು ಚೌಕಟ್ಟಿಗೆ ಅಂಟಿಸದೆ, ಒಳಗೆ ಸೀಲಿಂಗಿನ ಮಟ್ಟದಲ್ಲಿ, ಕಿಂಡಿಗಿಂತ ದೊಡ್ಡದಾಗಿ, ತೆಗೆದು ತೊಳೆಯುವಂತೆ ಕೂರಿಸಬೇಕು.

ಎಲ್ಲ ಸ್ಕೈಲೈಟ್‌ಗಳನ್ನೂ ಹೀಗೆ ಬದಲಿಸಲಾಗದು. ಚಾವಣಿಯಿಂದ ಮೇಲೆದ್ದ ಕಟ್ಟೆಯ ಮೇಲೆ ಚೌಕಟ್ಟು ಕೂತಿದ್ದು, ಪಕ್ಕದಿಂದ ಸ್ಕ್ರೂ ಹೊಡೆದಿದ್ದರೆ ಅದು ಸುಲಭದ್ದು. ಗಾಜನ್ನು ನೇರವಾಗಿ ಮರದ ತೊಲೆಗೋ ಕಾಂಕ್ರೀಟಿಗೋ ಸಿಲಿಕಾನ್ ಹಾಕಿ ಅಂಟಿಸಿದ್ದರೆ ಆ ಗಾಜಿಗೆ ಹಿಂಜ್ ಜೋಡಿಸುವ ಯೋಚನೆ ಬೇಡ; ನಾಲ್ಕೂ ಬದಿ ಹಿಡಿಯುವ ಹೊಸ ಅಲ್ಯೂಮಿನಿಯಂ ಚೌಕಟ್ಟು ಮಾಡಿಸಲೇಬೇಕು. ಭಾರ ಚೌಕಟ್ಟಿನ ಮೇಲೆ ಬೀಳಬೇಕು, ಗಾಜಿನ ಅಂಚಿನ ಮೇಲಲ್ಲ. ತಲೆಯ ಮೇಲಿನ ಗಾಜಾದ್ದರಿಂದ ಒಳಪದರ ಲ್ಯಾಮಿನೇಟೆಡ್ (ಒಡೆದರೂ ಚೂರು ಉದುರದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಗಾಜು) ಆಗಿರಲೇಬೇಕು. ಕಟ್ಟೆ ಚಾವಣಿಯ ಮೇಲ್ಮೈಯಿಂದ ಕನಿಷ್ಠ 150 ಮಿ.ಮೀ. ಎತ್ತರವಿರಲಿ. ಅಷ್ಟಿಲ್ಲದಿದ್ದರೆ ಮೊದಲು ಕಟ್ಟೆ ಏರಿಸಿ, ಫ್ಲಾಷಿಂಗ್ (ಸಂದಿಗೆ ನೀರು ಇಳಿಯದಂತೆ ಮುಚ್ಚುವ ತಗಡು) ಹೊಸದಾಗಿ ಹಾಕಿ.

ಸ್ಕ್ರೂ ಬಿಚ್ಚಿದ ಮೇಲೂ ಹಳೆ ಸಿಲಿಕಾನ್ ಚೌಕಟ್ಟನ್ನು ಹಿಡಿದಿರುತ್ತದೆ. ಮೀಟುಗೋಲು ಹಾಕಿ ಎಬ್ಬಿಸಿದರೆ ಚೌಕಟ್ಟು ತಿರುಚಿ ಗಾಜು ಒಡೆಯುತ್ತದೆ. ತೆಳು ಚಾಕುವಿನಿಂದ ಸುತ್ತ ಕೊಯ್ದು, ಚಾಕು ಹೋಗದ ಕಡೆ ಉಕ್ಕಿನ ಸಣ್ಣ ತಂತಿಯನ್ನು ಗರಗಸದಂತೆ ಎಳೆಯಿರಿ. ಉಳಿದ ಸಿಲಿಕಾನನ್ನು ಪೂರ್ತಿ ಹೆರೆದು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಆ ಪದರ ಒಂದಿಷ್ಟು ಉಳಿದರೂ ಮೇಲೆ ಬೇರೇನೂ ಅಂಟುವುದಿಲ್ಲ.

ಈಗ ಬಹಳ ಮಂದಿ ಬಿಟ್ಟುಬಿಡುವ ಪರೀಕ್ಷೆ. ಕಟ್ಟೆಯ ಎರಡೂ ಕರ್ಣಗಳನ್ನು ಅಳೆಯಿರಿ. ವ್ಯತ್ಯಾಸ 2 ಮಿ.ಮೀ. ಒಳಗಿರಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿಯಾಗಿ ಕಟ್ಟಿ. ನಡುವೆ ಅವು ಒಂದಕ್ಕೊಂದು ತಾಗಿಯೂ ತಾಗದಂತಿದ್ದರೆ ಕಟ್ಟೆ ಒಂದೇ ಸಮತಲದಲ್ಲಿದೆ. ಎಡೆ ಬಿಟ್ಟಿದ್ದರೆ, ಅಥವಾ ಒಂದು ಇನ್ನೊಂದನ್ನು ಒತ್ತಿದ್ದರೆ, ಕಟ್ಟೆ ತಿರುಚಿದೆ. ಸ್ಕ್ರೂಗಳು ಬಿಗಿದಿದ್ದಾಗ ಈ ತಿರುಚು ಕಾಣುವುದಿಲ್ಲ, ಅವೇ ಚೌಕಟ್ಟನ್ನು ಬಲವಂತವಾಗಿ ಎಳೆದು ಕೂರಿಸಿರುತ್ತವೆ. ಹಿಂಜಿನ ಮೇಲೆ ತೂಗುವ ಚೌಕಟ್ಟನ್ನು ಹಾಗೆ ಎಳೆಯುವವರಿಲ್ಲ. ಒಂದು ಮೂಲೆ ಕೂರುವುದೇ ಇಲ್ಲ. ಅಂಚಿಗೆ ಹಾಕುವ ರಬ್ಬರ್ ಇದನ್ನು ಸರಿಮಾಡೀತು ಎಂದು ನೆಚ್ಚಬೇಡಿ. ಎತ್ತರದ ಮೂಲೆಯನ್ನು ಹೆರೆದು ಅಥವಾ ತಗ್ಗಿದ್ದ ಕಡೆ ಪಟ್ಟಿ ಕೊಟ್ಟು ಮಟ್ಟ ಮಾಡಿ.

ತೂಕದ ಲೆಕ್ಕ ಸರಳ. ಗಾಜು 1 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕೆ.ಜಿ. ಮೇಲೆ 5 ಮಿ.ಮೀ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು), ಒಳಗೆ 3+3 ಲ್ಯಾಮಿನೇಟೆಡ್, ಒಟ್ಟು 11 ಮಿ.ಮೀ.; ಕಿಂಡಿಯನ್ನು ಮೀರಿ ಕಟ್ಟೆಯ ಮೇಲೂ ಚಾಚುವ 700 × 1000 ಮಿ.ಮೀ. ಬಾಗಿಲಿಗೆ 19 ಕೆ.ಜಿ. ಚೌಕಟ್ಟು ಸೇರಿ 25. ಇಷ್ಟು ಅಗಲಕ್ಕೆ ಎರಡು ಸ್ಟೇನ್‌ಲೆಸ್ ಹಿಂಜ್ ಸಾಕು, 900 ಮಿ.ಮೀ. ದಾಟಿದರೆ ಮೂರು ಹಾಕುವುದು ಒಳ್ಳೆಯದು. ಅಲ್ಯೂಮಿನಿಯಂಗೆ ಸ್ಟೇನ್‌ಲೆಸ್ ತಾಗುವ ಕಡೆಯೆಲ್ಲ ನೈಲಾನ್ ವಾಷರ್ ಕೊಡಿ, ಇಲ್ಲದಿದ್ದರೆ ಮಳೆನೀರಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಕಟ್ಟೆಗೆ ಸ್ಕ್ರೂ ಪಕ್ಕದಿಂದಲೇ ಹೋಗಬೇಕು. ಕಟ್ಟೆಯ ತಲೆಗೆ ಹೊಡೆದ ಪ್ರತಿ ಸ್ಕ್ರೂವೂ ನೀರಿಗೆ ಒಂದು ತೂತು.

ಹಿಂಜ್ ಯಾವಾಗಲೂ ಇಳಿಜಾರಿನ ಮೇಲಂಚಿಗೆ. ಸಮತಟ್ಟಾದ ಚಾವಣಿಯಲ್ಲಾದರೆ ಗಾಳಿ ಹೆಚ್ಚಾಗಿ ಬರುವ ದಿಕ್ಕಿಗೆ ಹಿಂಜ್, ಬಾಯಿ ಅದರ ಎದುರು ದಿಕ್ಕಿಗೆ. ಆಗ ಗಾಳಿಯೇ ಒಳಗಿನದನ್ನು ಎಳೆದುಕೊಳ್ಳುತ್ತದೆ. ಹಿಂಜಿನ ಪಿನ್ ಕಟ್ಟೆಯ ಹೊರಗೆ, ಗ್ಯಾಸ್ಕೆಟ್ (ನೀರು ತಡೆಯುವ ಅಂಚಿನ ರಬ್ಬರ್) ಇರುವ ಮಟ್ಟದಲ್ಲೇ ಬರಬೇಕು. ಒಳಕ್ಕೆ ಸರಿದರೆ ತೆರೆಯುವಾಗ ಪಿನ್ನಿನ ಹಿಂದಿನ ಭಾಗ ಕೆಳಗಿಳಿದು ಗ್ಯಾಸ್ಕೆಟನ್ನು ಜಜ್ಜುತ್ತದೆ. ಇನ್ನೊಂದು ವಿಷಯ: ಚೌಕಟ್ಟಿನಿಂದ ಕಟ್ಟೆಯ ಹೊರಗೆ ಇಳಿಬಿದ್ದ 40 ಮಿ.ಮೀ. ತುಟಿ ತೆರೆಯುವಾಗ ಹಿಂಜಿನ ಬದಿಯಲ್ಲಿ ಒಳಕ್ಕೆ ತಿರುಗುತ್ತದೆ. ಬಾಗಿಲು ಸುಮಾರು 19 ಡಿಗ್ರಿ ಏಳುವುದರಿಂದ ತುಟಿಯ ತುದಿ 13 ಮಿ.ಮೀ. ಒಳಸರಿಯುತ್ತದೆ. ಆ ಬದಿಯಲ್ಲಿ 15ರಿಂದ 18 ಮಿ.ಮೀ. ಸಂದು ಬಿಡದಿದ್ದರೆ ತುಟಿ ಕಟ್ಟೆಗೆ ಒತ್ತಿ, ಹಿಂಜಿನ ಸ್ಕ್ರೂಗಳೇ ಕಿತ್ತುಬರುತ್ತವೆ. ಉಳಿದ ಮೂರು ಬದಿಗೆ 6 ಮಿ.ಮೀ. ಸಾಕು.

ಗ್ಯಾಸ್ಕೆಟಿಗೆ ಟೊಳ್ಳು ನಳಿಕೆಯ ಇಪಿಡಿಎಂ (ಬಿಸಿಲು ಮಳೆಗೆ ಬಾಳುವ ಬಗೆಯ) ರಬ್ಬರ್ ಆರಿಸಿಕೊಂಡೆ. ಗಟ್ಟಿ ರಬ್ಬರನ್ನು 3 ಮೀಟರ್ ಸುತ್ತಳತೆಯ ಉದ್ದಕ್ಕೂ ಒತ್ತುವಷ್ಟು ಬಲ ಬಾಗಿಲನ್ನು ಎತ್ತಿಳಿಸುವ ಮೋಟರಿಗೆ ಇರುವುದಿಲ್ಲ. ಪೂರ್ತಿ ಮುಚ್ಚುವ ಮೊದಲೇ ಅದು ಅಡ್ಡಿ ಬಂತೆಂದು ನಿಂತುಬಿಡುತ್ತದೆ. ಮುಚ್ಚಿದಾಗ ನಳಿಕೆ ತನ್ನ ಎತ್ತರದ ಮೂರನೇ ಒಂದು ಭಾಗ ಕುಗ್ಗಿದರೆ ಸರಿ. ಒಂದೇ ತುಂಡಾಗಿ ಚೌಕಟ್ಟಿನ ತೋಡಿನಲ್ಲಿ ಕೂರಿಸಿ, ಮೂಲೆಗಳಲ್ಲಿ ಎಳೆಯದೆ, ಜೋಡಣೆಯನ್ನು ಪಕ್ಕದ ಬದಿಯ ಮೇಲ್ಭಾಗದಲ್ಲಿ ಬರುವಂತೆ ಅಂಟಿಸಿ. ಸಿಲಿಕಾನ್ ಈ ರಬ್ಬರಿಗೆ ಸರಿಯಾಗಿ ಹಿಡಿಯುವುದಿಲ್ಲ. ಹಳೆ ಚೌಕಟ್ಟಿನಲ್ಲಿ ಒಳಗಿನ ಬೆವರುನೀರು ಹೊರಹೋಗುವ ಸಣ್ಣ ತೂತುಗಳಿರುತ್ತವೆ. ಹೊಸ ಗ್ಯಾಸ್ಕೆಟ್ ಅವನ್ನು ಮುಚ್ಚಿದರೆ ಕೆಲವೇ ತಿಂಗಳಲ್ಲಿ ಚೌಕಟ್ಟಿನ ಒಳಗೇ ನೀರು ನಿಲ್ಲುತ್ತದೆ.

ಎತ್ತಲು 24 ವೋಲ್ಟಿನ ಚೈನ್ ಮೋಟರ್, ಚೈನನ್ನು ಹೊರತಳ್ಳಿ ಬಾಗಿಲೆತ್ತುವ ಬಗೆಯದು. ಕೆಳಂಚಿನಲ್ಲಿ ತಳ್ಳುವುದರಿಂದ ಅದರ ಪಾಲಿಗೆ ಅರ್ಧ ತೂಕ, ಅಂದರೆ ಸುಮಾರು 125 ನ್ಯೂಟನ್. 300 ನ್ಯೂಟನ್ ಬಲದ್ದು ಸಾಕು. ಆದರೆ ಆಯ್ಕೆಗೆ ಇದೊಂದೇ ಲೆಕ್ಕ ಸಾಲದು. ಬಿರುಗಾಳಿಯಲ್ಲಿ ಚದರ ಮೀಟರಿಗೆ 1000 ನ್ಯೂಟನ್ ಮೇಲೆಳೆತ ಬಂದರೆ ಒಟ್ಟು 700, ಅದರಲ್ಲಿ ಚೈನಿಗೆ 350. ತೂಕ ಕಳೆದರೂ 225 ಉಳಿಯಿತು. ಚೈನ್ ತಡೆದೀತು, ಆದರೆ ಅದು ಹಿಡಿಯುವುದು ನಡುವಿನ ಒಂದೇ ಜಾಗದಲ್ಲಿ. ಕೆಳಪಟ್ಟಿ ಬಾಗಿ ಎರಡೂ ಮೂಲೆಗಳು ಸಡಿಲಾಗುತ್ತವೆ, ಮಳೆ ಒಳಬರುವುದು ಅಲ್ಲಿಂದಲೇ. ಕೆಳಪಟ್ಟಿಗೆ ದಪ್ಪ ಅಲ್ಯೂಮಿನಿಯಂ ಚೌಕನಳಿಕೆ ಸೇರಿಸಿದೆ. ಗಾಳಿಗಾಲಕ್ಕೆಂದು ಎರಡು ಮೂಲೆಗೂ ಕೈಯಿಂದ ಹಾಕುವ ಚಿಲಕ ಇಟ್ಟು, ಚಿಲಕ ಹಾಕಿದ್ದಾಗ ಮೋಟರಿಗೆ ಕರೆಂಟು ಹೋಗದಂತೆ ಮಿತಿ ಸ್ವಿಚ್ ಜೋಡಿಸಿದೆ. ಮೋಟರ್ ತನ್ನ ಕೀಲಿನ ಮೇಲೆ ಓಲಾಡುವಂತಿರಬೇಕು. ಗಟ್ಟಿಯಾಗಿ ಬಿಗಿದರೆ ಚೈನ್ ಓರೆಯಾಗಿ ಸವೆಯುತ್ತದೆ.

ಹನಿ ಬಿದ್ದೊಡನೆ ಮುಚ್ಚಲು ಹೇಳುವ ಮಳೆ ಸಂವೇದಕದ ಮಾತನ್ನು ಉಳಿದೆಲ್ಲ ಆಜ್ಞೆಗಳೂ ಕೇಳಬೇಕು. ಬಿಸಿಯಾಗುವ ಬಗೆಯದನ್ನೇ ಕೊಂಡು ಓರೆಯಾಗಿ ಕೂರಿಸಿ, ಇಬ್ಬನಿಗೆ ಸುಮ್ಮನೆ ಮುಚ್ಚಿಕೊಳ್ಳುವುದಿಲ್ಲ. ಮುಚ್ಚಲು ಸುಮಾರು ಒಂದು ನಿಮಿಷ ಹಿಡಿಯುತ್ತದೆ, ಕರೆಂಟು ಹೋದರೆ ಮುಚ್ಚುವುದೇ ಇಲ್ಲ. ಚಿಕ್ಕ ಬ್ಯಾಟರಿ ಇರಲೇಬೇಕು. ಒಳಗೆ ಹೊರಗಿಗಿಂತ 2 ಡಿಗ್ರಿ ಹೆಚ್ಚಾದಾಗ ತೆರೆದು, ವ್ಯತ್ಯಾಸ ಅರ್ಧ ಡಿಗ್ರಿಗೆ ಇಳಿದಾಗ ಮುಚ್ಚುವಂತೆ ಹೊಂದಿಸಿದರೆ ಪದೇಪದೇ ಆಡುವುದಿಲ್ಲ. ಒಳಗಿನ ಸಂವೇದಕ ಬಿಸಿಲು ಬೀಳದ ಗೋಡೆಯ ಮೇಲಿರಲಿ.

ಪರೀಕ್ಷೆಗೆ ಮೊದಲು ಕಾಗದದ ಪಟ್ಟಿ. ಸುತ್ತಲೂ ಒಂದೊಂದು ಗೇಣಿಗೆ ಪಟ್ಟಿ ಇಟ್ಟು ಮುಚ್ಚಿ, ಎಳೆಯಿರಿ. ಎಲ್ಲ ಕಡೆ ಒಂದೇ ಬಿಗಿ ಸಿಗಬೇಕು. ಆಮೇಲೆ ಪೈಪಿನ ನೀರು, ಒತ್ತಡವಿಲ್ಲದೆ, ಕೆಳಂಚಿನಿಂದ ಶುರುಮಾಡಿ ಮೇಲಕ್ಕೆ, ಒಂದೊಂದು ಬದಿಗೆ ಹತ್ತು ನಿಮಿಷ. ಮೇಲಿನಿಂದ ಶುರುಮಾಡಿದರೆ ಎಲ್ಲಿ ಸೋರಿತೆಂದು ತಿಳಿಯುವುದಿಲ್ಲ.

ಕೆಲಸ ಮಾಡುವಾಗ ಗಾಜಿನ ಮೇಲೆ ಕಾಲಿಡಬೇಡಿ, ಸೊಂಟದ ಹಗ್ಗವಿಲ್ಲದೆ ಚಾವಣಿ ಹತ್ತಬೇಡಿ, ತೆರೆದ ಕಿಂಡಿಯನ್ನು ಹಲಗೆ ಬಿಗಿಯದೆ ಬಿಟ್ಟುಬರಬೇಡಿ. ತೆರೆಯುವ ಕಿಂಡಿ ಕಳ್ಳರಿಗೂ ದಾರಿಯೇ, 100 ಮಿ.ಮೀ. ಸಂದಿನ ಗ್ರಿಲ್ ಕೆಳಗಿರಲಿ. ಹೊಗೆಕೊಳವೆಯ ಗ್ಯಾಸ್ ಗೀಸರ್ ಅಥವಾ ಒಲೆ ಮನೆಯಲ್ಲಿದ್ದರೆ, ಕೆಳಗಿನ ಕಿಟಕಿಗಳನ್ನು ಮುಚ್ಚಿ ಸ್ಕೈಲೈಟ್ ಮಾತ್ರ ತೆರೆಯುವುದು ಅಪಾಯ. ಮೇಲಿನ ಸೆಳೆತ ಆ ಕೊಳವೆಯಿಂದಲೇ ಗಾಳಿ ಎಳೆದು ವಿಷದ ಹೊಗೆಯನ್ನು ಮನೆಯೊಳಗೆ ತರಬಲ್ಲದು. ಕೆಳಗೆ ಒಂದು ಕಿಟಕಿಯಾದರೂ ತೆರೆದಿದೆ ಎಂಬ ಸಂಕೇತ ಸಿಕ್ಕ ಮೇಲಷ್ಟೇ ಮೋಟರ್ ಬಾಗಿಲು ತೆರೆಯುವಂತೆ ವೈರ್ ಮಾಡಿ; ಮುಚ್ಚಲು ಈ ತಡೆ ಬೇಡ.

ಹೊರಗೆ ಒಳಗಿಗಿಂತ ಬಿಸಿ ಇರುವ ಹೊತ್ತಿನಲ್ಲಿ ಇದು ತಂಪು ಕೊಡುವುದಿಲ್ಲ. ನೆತ್ತಿಯ ಬಿಸಿಲಿನಲ್ಲಿ ಇಷ್ಟು ಗಾಜಿನ ಮೂಲಕ 350 ವ್ಯಾಟ್‌ಗೂ ಮಿಕ್ಕಿ ಶಾಖ ಒಳಬರಬಹುದು. ಆದ್ದರಿಂದ ಹಗಲು ಮುಚ್ಚಿ, ಗಾಜಿನ ಹೊರಗೆ ನೆರಳುಬಟ್ಟೆ ಎಳೆಯಬೇಕು. ಒಳಗಿನ ಪರದೆ ಬೆಳಕನ್ನು ತಡೆಯುತ್ತದೆ, ಶಾಖ ಆಗಲೇ ಒಳಗೆ ಬಂದಾಗಿರುತ್ತದೆ.